ಹರಿದ ಗ್ಯಾಲಕ್ಸಿಯ ನಕ್ಷತ್ರಧಾರೆ: ಲ್ಯಾಪ್‌ಟಾಪಿನಲ್ಲಿ ಮಾದರಿ ಕಟ್ಟುವುದು ಹೇಗೆ?

ಮೇ ತಿಂಗಳ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮೈಸೂರಿನಿಂದ ದಕ್ಷಿಣಕ್ಕೆ ನೋಡಿದರೆ ಧನು ರಾಶಿ ಚೆನ್ನಾಗಿ ಮೇಲೇರಿರುತ್ತದೆ. ಅಲ್ಲಿರುವ ಎಂ54 ನಕ್ಷತ್ರಗುಚ್ಛ ಸಣ್ಣ ದೂರದರ್ಶಕಕ್ಕೂ ಸಿಗುತ್ತದೆ. ಮೇಲುಕೋಟೆ ಕಡೆ ಹೋದರೆ ಊರಿನ ಬೆಳಕಿನ ಕಾಟ ಕಡಿಮೆ. 1994ರಲ್ಲಿ ಪತ್ತೆಯಾದ ಧನು ಕುಬ್ಜ ಗ್ಯಾಲಕ್ಸಿಯ ನಡುಭಾಗ ಈ ಎಂ54. ನಮ್ಮ ಕ್ಷೀರಪಥ ಆ ಗ್ಯಾಲಕ್ಸಿಯನ್ನು ಎಳೆದೆಳೆದು ಹರಿಯುತ್ತಿದೆ. ಕಳಚಿಬಿದ್ದ ನಕ್ಷತ್ರಗಳು ಇಡೀ ಆಕಾಶ ಸುತ್ತುವ ಧಾರೆಯಾಗಿವೆ. ಇಂಥ ಧಾರೆಯ ಸರಳ ಮಾದರಿಗೆ ಸೂಪರ್ ಕಂಪ್ಯೂಟರ್ ಬೇಡ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ಕೂತೇ ಮಾಡಬಹುದು.

ಮೊದಲು ‘ಗಾಲಾ’ ಅಥವಾ ‘ಗ್ಯಾಲ್‌ಪೈ’ ಪ್ಯಾಕೇಜ್ ಹಾಕಿಕೊಳ್ಳಿ; ಎರಡೂ ಉಚಿತ. ಕ್ಷೀರಪಥದ ನಡುವಿನ ಉಬ್ಬು, ತಟ್ಟೆ, ಸುತ್ತಲಿನ ಕಪ್ಪುದ್ರವ್ಯ (ಕಣ್ಣಿಗೆ ಕಾಣದೆ ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯ) ಇವುಗಳ ಗುರುತ್ವ ಅವುಗಳಲ್ಲಿ ಸಿದ್ಧವಾಗಿದೆ.

ಕುಬ್ಜ ಗ್ಯಾಲಕ್ಸಿಯ ಇಂದಿನ ಸ್ಥಾನ, ವೇಗಗಳನ್ನು ಕೊಡಿ. ಅಳತೆಗಳು ಸೂರ್ಯನಿಂದ ಆದವು. ಅವನ್ನು ಕ್ಷೀರಪಥದ ಕೇಂದ್ರಕ್ಕೆ ಬದಲಿಸಬೇಕು. ಸೂರ್ಯ ಅಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ. ಈಗ ಕಾಲವನ್ನು 300 ಕೋಟಿ ವರ್ಷ ಹಿಂದಕ್ಕೆ ಓಡಿಸಿ, ಹತ್ತು ಲಕ್ಷ ವರ್ಷಕ್ಕೊಂದು ಹೆಜ್ಜೆಯಂತೆ.

ಅಲ್ಲಿಂದ ಮುಂದಕ್ಕೆ ಬರುವಾಗಲೇ ಈ ಕೆಲಸದ ಜೀವಾಳ. ಪ್ರತಿ ಹೆಜ್ಜೆಗೂ ಎರಡು ನಕ್ಷತ್ರ ಬಿಡಿ: ಕ್ಷೀರಪಥದ ಕಡೆಗೊಂದು, ಆಚೆ ಕಡೆಗೊಂದು. ಎಷ್ಟು ದೂರದಲ್ಲಿ? ಕುಬ್ಜದ ದ್ರವ್ಯರಾಶಿಯನ್ನು, ಅದರ ಕಕ್ಷೆಯೊಳಗಿರುವ ಕ್ಷೀರಪಥದ ದ್ರವ್ಯರಾಶಿಯ ಮೂರರಷ್ಟರಿಂದ ಭಾಗಿಸಿ ಘನಮೂಲ ತೆಗೆಯಿರಿ. ಕ್ಷೀರಪಥದ ಕೇಂದ್ರದಿಂದ ಕುಬ್ಜಕ್ಕಿರುವ ದೂರಕ್ಕೆ ಗುಣಿಸಿ. ಕುಬ್ಜದ ರಾಶಿ ಕ್ಷೀರಪಥದ ಆ ರಾಶಿಯ ಒಂಬತ್ತು ಸಾವಿರದಲ್ಲೊಂದು ಪಾಲಾದರೆ ಘನಮೂಲ ಮೂವತ್ತರಲ್ಲೊಂದು. ಅಂದರೆ 60,000 ಜ್ಯೋತಿರ್ವರ್ಷ ದೂರದಲ್ಲಿದ್ದಾಗ 2,000 ಜ್ಯೋತಿರ್ವರ್ಷ. ಆ ಗೆರೆ ದಾಟಿದ ನಕ್ಷತ್ರ ಕುಬ್ಜದ ಕೈತಪ್ಪಿತು.

ಒಳಗಡೆ ಕಳಚಿದ ನಕ್ಷತ್ರಕ್ಕೆ ಶಕ್ತಿ ಕಡಿಮೆ. ಆದರೂ ಅದೇ ಮುಂದೆ ಓಡುತ್ತದೆ! ಶಕ್ತಿ ಕಡಿಮೆಯಾದರೆ ಕಕ್ಷೆ ಚಿಕ್ಕದು, ಸುತ್ತು ಬೇಗ ಮುಗಿಯುತ್ತದೆ. ಹೊರಗಡೆಯದು ಹಿಂದುಳಿಯುತ್ತದೆ. ಧಾರೆಗೆ ಎರಡು ಬಾಲ ಮೂಡುವುದು ಹೀಗೆ. ಪರದೆಯ ಮೇಲೆ ಇದು ತಾನಾಗಿ ಬಿಚ್ಚಿಕೊಳ್ಳುವುದನ್ನು ಪ್ರತಿಯೊಬ್ಬ ಭೌತಶಾಸ್ತ್ರ ವಿದ್ಯಾರ್ಥಿಯೂ ನೋಡಲೇಬೇಕು.

ಕೊನೆಗೆ ಯುರೋಪಿನ ಗಯಾ ಬಾಹ್ಯಾಕಾಶ ನೌಕೆ ಅಳೆದ ನಕ್ಷತ್ರಗಳ ಮೇಲೆ ನಿಮ್ಮ ಧಾರೆಯನ್ನಿಟ್ಟು ಹೋಲಿಸಿ. ಸರಿಹೊಂದದಿದ್ದರೆ ಕಪ್ಪುದ್ರವ್ಯದ ರಾಶಿ, ಆಕಾರ ಬದಲಿಸಿ ಮತ್ತೆ ಓಡಿಸಿ. ಕಣ್ಣಿಗೆ ಕಾಣದ ಆ ದ್ರವ್ಯವನ್ನು ತೂಗಲು ಇರುವ ಒಳ್ಳೆಯ ದಾರಿಗಳಲ್ಲಿ ಇದೂ ಒಂದು. ಧನು ಧಾರೆಗೆ ಮಾತ್ರ ಇಷ್ಟು ಸಾಲದು. ನೆರೆಯ ಗ್ಯಾಲಕ್ಸಿಯಾದ ದೊಡ್ಡ ಮೆಗೆಲನ್ ಮೋಡ ಕ್ಷೀರಪಥವನ್ನೇ ಜಗ್ಗುತ್ತಿರುವುದರಿಂದ ಅದರ ಗುರುತ್ವವನ್ನೂ, ಕುಬ್ಜದ ಸ್ವಂತ ಗುರುತ್ವವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.