ಹಳೆಯ ವಿಡಿಯೋ ಗೇಮ್ ಕ್ಯಾಸೆಟ್: ಊದಬೇಡಿ, ಒರೆಸಿ

ಕ್ಯಾಸೆಟ್ ಹಾಕಿದರೆ ಟಿವಿಯಲ್ಲಿ ಬರೀ ಬೂದು ಪರದೆ, ಇಲ್ಲವೇ ಚೂರುಚೂರಾದ ಚಿತ್ರ. ಹೆಚ್ಚಿನ ಸಲ ಚಿಪ್ ಕೆಟ್ಟಿರುವುದಿಲ್ಲ, ಪಿನ್ನುಗಳ (ಕ್ಯಾಸೆಟ್‌ನ ಬಾಯಲ್ಲಿ ಸಾಲಾಗಿರುವ ಲೋಹದ ಪಟ್ಟಿಗಳ) ಮೇಲೆ ಜಿಡ್ಡು, ಕಿಲುಬು ಕೂತಿರುತ್ತದೆ. ಬಾಯಿಂದ ಊದಿದಾಗ ಆಟ ಶುರುವಾಗುವುದು ಉಸಿರಿನ ಮಹಿಮೆಯಲ್ಲ. ತೆಗೆದು ಮತ್ತೆ ತುರುಕುವಾಗ ಲೋಹ ಲೋಹಕ್ಕೆ ಉಜ್ಜುತ್ತದೆ, ಅಷ್ಟೇ. ಉಸಿರಿನ ತೇವದಿಂದ ಕಿಲುಬು ಹೆಚ್ಚುತ್ತದೆ. ಇಂಥ ಗೇಮ್ ತಯಾರಿಸುವ ಜಪಾನಿನ ಕಂಪನಿ ನಿಂಟೆಂಡೊ ಕೂಡ ಊದಬೇಡಿ ಎಂದೇ ಹೇಳುತ್ತದೆ.

99% ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ, ಬೆಂಗಳೂರಾದರೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಐಸೊಪ್ರೊಪೈಲ್ ಬೇಗ ಬೆಂಕಿ ಹಿಡಿಯುವ ದ್ರವ: ಕಿಟಕಿ ತೆರೆದಿರಲಿ, ಒಲೆ ದೂರವಿರಲಿ.

ನಮ್ಮಲ್ಲಿ 1990ರ ದಶಕದಲ್ಲಿ ಓಡಾಡಿದ 60 ಪಿನ್ನಿನ ಕ್ಯಾಸೆಟ್‌ಗಳಲ್ಲಿ ಹಲವಕ್ಕೆ ಸ್ಕ್ರೂ ಇಲ್ಲ, ಅಂಚಿನ ಕೊಕ್ಕೆಗಳೇ ಹಿಡಿದಿರುತ್ತವೆ. ಹಳೆಯ ಎಟಿಎಂ ಕಾರ್ಡು ತೂರಿಸಿ ನಿಧಾನವಾಗಿ ಬಿಡಿಸಿ. ಹಟ ಹಿಡಿದರೆ ಬಿಟ್ಟುಬಿಡಿ. ಆ ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ಬಿಚ್ಚದೆಯೂ ಒರೆಸಬಹುದು. ಗೇಮ್ ಬಾಯ್, ಸೂಪರ್ ನಿಂಟೆಂಡೊ ಕ್ಯಾಸೆಟ್‌ಗಳಿಗೆ 3.8 ಮಿ.ಮೀ. ಗೇಮ್‌ಬಿಟ್ (ಅವುಗಳ ವಿಶೇಷ ಸ್ಕ್ರೂ ಬಿಚ್ಚುವ ಸ್ಕ್ರೂಡ್ರೈವರ್ ತುದಿ) ಬೇಕು.

ಹತ್ತಿಕಡ್ಡಿಯನ್ನು ಆಲ್ಕೋಹಾಲ್‌ನಲ್ಲಿ ಅದ್ದಿ ಹಿಂಡಿ. ತೊಟ್ಟಿಕ್ಕಬಾರದು, ಲೇಬಲ್ಲಿಗೆ ತಾಗಲೂಬಾರದು. ಪಿನ್ನಿನ ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. 60 ಪಿನ್ನಿನ ಕ್ಯಾಸೆಟ್‌ನಲ್ಲಿ ಎರಡೂ ಬದಿಗೆ 30-30 ಪಿನ್ನು. ಹಿಂಬದಿ ಮರೆಯುವವರೇ ಹೆಚ್ಚು. ಹತ್ತಿ ಕಪ್ಪಾದಂತೆ ಕಡ್ಡಿ ಬದಲಿಸಿ, ಬೆಳ್ಳಗೇ ಉಳಿಯುವವರೆಗೆ ಮುಂದುವರಿಸಿ. ಹಟಮಾರಿ ಕಲೆಗೆ ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರು ಸಾಕು. ಉಜ್ಜಿದ ಮೇಲೆ ಪುಡಿಯನ್ನು ಆಲ್ಕೋಹಾಲ್‌ನಿಂದ ಒರೆಸಿ. ಉಪ್ಪು ಕಾಗದ, ಶಾಯಿಯ ರಬ್ಬರು ಬೇಡವೇ ಬೇಡ: ಒರಿಜಿನಲ್ ಕ್ಯಾಸೆಟ್‌ನ ಚಿನ್ನದ ಲೇಪ ತೀರಾ ತೆಳು, ಅದು ಹೋದರೆ ಒಳಗಿನ ತಾಮ್ರ ಬೇಗ ಹಸಿರುಗಟ್ಟುತ್ತದೆ.

ಆಟ ಸೇವ್ ಆಗುವ ಕ್ಯಾಸೆಟ್‌ನೊಳಗೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದರ ಹತ್ತಿರ ಲೋಹದ ಸಾಧನ ಒಯ್ಯಬೇಡಿ. ಅದನ್ನು ಕಿತ್ತರೆ ಸೇವ್ ಅಳಿಸಿಹೋಗುತ್ತದೆ.

ಹತ್ತು ನಿಮಿಷ ಒಣಗಲು ಬಿಟ್ಟು, ಪವರ್ ಆಫ್ ಇರುವಾಗಲೇ ಹಾಕಿ. ಮತ್ತೂ ಬೂದು ಪರದೆಯೇ? ಕೊಳೆ ಕನ್ಸೋಲ್‌ನ (ಆಟದ ಯಂತ್ರದ) ಸ್ಲಾಟ್‌ನಲ್ಲಿರಬಹುದು. ಒರೆಸಿದ ಕ್ಯಾಸೆಟ್‌ನ್ನೇ ಐದಾರು ಸಲ ಹಾಕಿ ತೆಗೆದು, ಪ್ರತಿ ಸಲವೂ ಅದರ ಪಿನ್ನು ಒರೆಸಿ. ದಪ್ಪ ಬಟ್ಟೆ ತುರುಕಿದರೆ ಸ್ಲಾಟ್‌ನ ಸ್ಪ್ರಿಂಗ್ ಪಿನ್ನುಗಳು ಅಗಲವಾಗಿ, ಆಮೇಲೆ ಯಾವ ಕ್ಯಾಸೆಟ್ಟೂ ಬಿಗಿಯಾಗಿ ಕೂರುವುದಿಲ್ಲ.