ಪಿಟೀಲು, ವೀಣೆಯ ಫೋಟೊಗೆ ಕ್ಯಾಮೆರಾ ಕೊಳ್ಳುವವರಿಗೆ: ಮೊದಲು ಲೆನ್ಸ್ ನೋಡಿ, ಬಾಡಿ ಆಮೇಲೆ

ನನ್ನ ಹತ್ತಿರ ಒಂದು ಹಳೆಯ ಪಿಟೀಲಿದೆ. ಒಮ್ಮೆ ಅದನ್ನು ರಿಪೇರಿಗೆ ಕೊಟ್ಟು ವಾಪಸ್ ತಂದಾಗ ಮೇಲಿನ ಹಲಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಕೊಡುವ ಮುಂಚೆಯೇ ಇತ್ತಾ, ಆಮೇಲೆ ಬಂತಾ? ಹಿಂದಿನ ದಿನ ಫೋನಿನಲ್ಲಿ ಹತ್ತು ಹನ್ನೆರಡು ಫೋಟೊ ತೆಗೆದಿಟ್ಟಿದ್ದೆ. ಎಲ್ಲವನ್ನೂ ದೊಡ್ಡದು ಮಾಡಿ ನೋಡಿದೆ. ಆ ಜಾಗದಲ್ಲಿ ಬಿರುಕು ಹಾಗಿರಲಿ, ಮರದ ಗೆರೆಗಳೇ ಇರಲಿಲ್ಲ. ಫೋನಿನ ಸಾಫ್ಟ್‌ವೇರ್ ಎಲ್ಲವನ್ನೂ ಸವರಿ ನುಣ್ಣಗೆ ಮಾಡಿಬಿಟ್ಟಿತ್ತು. ಹಾಗಾಗಿ ಯಾರನ್ನೂ ಏನೂ ಕೇಳುವ ಹಾಗಿರಲಿಲ್ಲ. ಆ ಸಂಕಟ ಇನ್ನೊಬ್ಬರಿಗೆ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಅಂತ. ವಾದ್ಯದ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಪಿಟೀಲಿನ ಉದ್ದ ಸುಮಾರು 60 ಸೆಂಟಿಮೀಟರ್. ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟರೆ ಫ್ರೇಮಿನಲ್ಲಿ 70 ಸೆಂಟಿಮೀಟರ್ ಹಿಡಿಸಬೇಕು. 24 ಮೆಗಾಪಿಕ್ಸೆಲ್ ಚಿತ್ರದ ಉದ್ದ 6000 ಪಿಕ್ಸೆಲ್. ಅಂದರೆ ಒಂದು ಮಿಲಿಮೀಟರಿಗೆ ಎಂಟೂವರೆ ಪಿಕ್ಸೆಲ್ ಸಿಗುತ್ತದೆ. ಮೇಲಿನ ಹಲಗೆಯ ಸ್ಪ್ರೂಸ್ ಮರದ ಗೆರೆಗಳು ಒಂದಕ್ಕೊಂದು ಸುಮಾರು ಒಂದು ಮಿಲಿಮೀಟರ್ ದೂರದಲ್ಲಿರುತ್ತವೆ, ಅವು ಚೆನ್ನಾಗಿ ಕಾಣುತ್ತವೆ. ಆದರೆ 0.1 ಮಿಲಿಮೀಟರ್ ಅಗಲದ ಬಿರುಕಿಗೆ ಪೂರ್ತಿ ಒಂದು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಸರಿ, ಜಾಸ್ತಿ ದುಡ್ಡು ಹಾಕಿ 45 ಮೆಗಾಪಿಕ್ಸೆಲ್ ತಂದರೆ? ಆಗ ಆ ಬಿರುಕಿಗೆ ಒಂದು ಪಿಕ್ಸೆಲ್‌ಗಿಂತ ಚೂರು ಜಾಸ್ತಿ ಸಿಗುತ್ತದೆ, ಅಷ್ಟೇ. ಅದೇ ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಬಾಡಿಗೆ (ಲೆನ್ಸ್ ಬಿಟ್ಟು ಉಳಿದ ಭಾಗಕ್ಕೆ) ತೀರಾ ಹತ್ತಿರದಿಂದ ತೆಗೆಯುವ ಒಂದು ಮ್ಯಾಕ್ರೋ ಲೆನ್ಸ್ ಹಾಕಿ ಹತ್ತಿರ ಹೋದರೆ ಮಿಲಿಮೀಟರಿಗೆ 160ಕ್ಕೂ ಜಾಸ್ತಿ ಪಿಕ್ಸೆಲ್ ಸಿಗುತ್ತದೆ. ಅದೇ ಬಿರುಕು ಈಗ 16 ಪಿಕ್ಸೆಲ್ ಅಗಲ. ಅದರ ಅಂಚು, ಒಳಗೆ ಸೇರಿರುವ ಕೊಳೆ, ಎಲ್ಲ ಕಾಣುತ್ತದೆ. ಕೊಳೆ ತುಂಬಿದ ಬಿರುಕು ಹಳೆಯದಿರಬಹುದು, ಒಳಗಿನ ಮರ ಬೆಳ್ಳಗೆ ಕಂಡರೆ ಹೊಸದಿರಬಹುದು ಎಂಬ ಅಂದಾಜು ಕೂಡ ಸಿಗುತ್ತದೆ.

ಆದ್ದರಿಂದ ಮ್ಯಾಕ್ರೋ ಲೆನ್ಸಿಗೆ ದುಡ್ಡು ಎತ್ತಿಟ್ಟು, ಉಳಿದದ್ದರಲ್ಲಿ ಬಾಡಿ ನೋಡಿ. ಲೆನ್ಸ್ ಮೇಲೆ 1:1 ಅಂತ ಇದೆಯೇ ನೋಡಿಕೊಳ್ಳಿ. ಅಂದರೆ ವಸ್ತು ಎಷ್ಟು ದೊಡ್ಡದಿದೆಯೋ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸಾರ್ ಮೇಲೆ ಅಷ್ಟೇ ದೊಡ್ಡದಾಗಿ ಬೀಳುತ್ತದೆ. ಕೆಲವು ಜೂಮ್ ಲೆನ್ಸ್‌ಗಳ ಮೇಲೂ ಮ್ಯಾಕ್ರೋ ಅಂತ ಬರೆದಿರುತ್ತಾರೆ, ಆದರೆ ಅವು ಅದರ ಕಾಲು ಭಾಗವೋ ಮೂರನೇ ಒಂದು ಭಾಗವೋ ಮಾತ್ರ ಕೊಡುತ್ತವೆ. ಕ್ಯಾನನ್ 100 ಎಂಎಂ (ಇದು ಲೆನ್ಸಿನ ಫೋಕಲ್ ಲೆಂತ್, ಈ ಸಂಖ್ಯೆ ಹೆಚ್ಚಾದಷ್ಟೂ ದೂರ ನಿಂತು ತೆಗೆಯಬೇಕು), ನಿಕಾನ್ 105, ಸೋನಿ 90, ಟ್ಯಾಮ್ರಾನ್ 90, ಇವೆಲ್ಲ ನಿಜವಾದ ಮ್ಯಾಕ್ರೋ ಲೆನ್ಸ್‌ಗಳು. ಸೆಕೆಂಡ್ ಹ್ಯಾಂಡ್ ಕೂಡ ಸುಲಭವಾಗಿ ಸಿಗುತ್ತವೆ. ಇದೇ ಲೆನ್ಸಿನಲ್ಲಿ ದೂರ ನಿಂತು ಇಡೀ ವಾದ್ಯವನ್ನೂ ತೆಗೆಯಬಹುದು, ಅದಕ್ಕೆ ಬೇರೆ ಲೆನ್ಸ್ ಬೇಕಿಲ್ಲ. ಮ್ಯಾಕ್ರೋ ಲೆನ್ಸ್‌ಗಳಲ್ಲಿ ನೇರ ಗೆರೆಗಳು ಬಾಗುವುದು ತುಂಬಾ ಕಡಿಮೆ. ತಂತಿಗಳು, ಬೆರಳು ಹಲಗೆಯ ಅಂಚು ನೆಟ್ಟಗೆ ಬರುತ್ತವೆ. ಲೆನ್ಸಿಗೆ ಸದ್ಯಕ್ಕೆ ದುಡ್ಡಿಲ್ಲ ಅನ್ನುವವರು ಕ್ಯಾಮೆರಾ ಜೊತೆ ಬಂದ ಲೆನ್ಸಿಗೇ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ ಶುರು ಮಾಡಬಹುದು. ಅದರೊಳಗೆ ಗಾಜಿಲ್ಲ, ಸುಮ್ನೆ ಒಂದು ಉಂಗುರ. ಲೆನ್ಸನ್ನು ಸ್ವಲ್ಪ ಮುಂದೆ ತಳ್ಳುತ್ತದೆ, ಅದರಿಂದ ವಸ್ತುವಿಗೆ ಇನ್ನಷ್ಟು ಹತ್ತಿರ ಹೋಗಿ ಫೋಕಸ್ ಮಾಡಬಹುದು.

60 ಎಂಎಂ ತಗೊಳ್ಳಲಾ, 100 ತಗೊಳ್ಳಲಾ ಅಂತ ಗೊಂದಲವಾದರೆ ಟೇಪ್ ಹಿಡಿದು ಮೊದಲು ನಿಮ್ಮ ಕೋಣೆ ಅಳೆಯಿರಿ. ನಿಜವಾಗಿ ಹೇಳುತ್ತಿದ್ದೇನೆ. ದೊಡ್ಡ ಸೆನ್ಸಾರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 100 ಎಂಎಂ ಹಾಕಿದರೆ ಪಿಟೀಲಿಗೆ 2 ಮೀಟರ್ ದೂರ ಬೇಕು. ವೀಣೆ ಸುಮಾರು ನಾಲ್ಕು ಅಡಿ ಉದ್ದ, ಅದಕ್ಕೆ 4 ಮೀಟರ್ ಬೇಕು, ಜೊತೆಗೆ ನೀವು ನಿಲ್ಲಲು ಹಿಂದೆ ಜಾಗ, ವಾದ್ಯದ ಹಿಂದೆ ಬಟ್ಟೆ ಕಟ್ಟಲು ಜಾಗ. ಸಣ್ಣ ಸೆನ್ಸಾರ್ ಇರುವ ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದೇ 100 ಎಂಎಂ ಲೆನ್ಸಿಗೆ ಪಿಟೀಲಿಗೇ 3 ಮೀಟರ್ ಆಗುತ್ತದೆ, ವೀಣೆಗೆ ಹಜಾರವೂ ಸಾಲದು. ಅಂಥ ಕ್ಯಾಮೆರಾಗೆ 60 ಎಂಎಂ ಸರಿಹೋಗುತ್ತದೆ, ಪಿಟೀಲಿಗೆ 2 ಮೀಟರಿನೊಳಗೇ ಕೆಲಸ ಮುಗಿಯುತ್ತದೆ. ಆದರೆ 60ರಲ್ಲಿ ಒಂದು ತೊಂದರೆ ಇದೆ. ತೀರಾ ಹತ್ತಿರದ ಫೋಟೊ ತೆಗೆಯುವಾಗ ಲೆನ್ಸಿನ ತುದಿಗೂ ವಾದ್ಯಕ್ಕೂ ನಾಲ್ಕು ಬೆರಳಿಗಿಂತ ಸ್ವಲ್ಪ ಜಾಸ್ತಿ ಅಂತರ ಉಳಿಯುತ್ತದೆ ಅಷ್ಟೇ. ಲೆನ್ಸಿನ ನೆರಳೇ ಬೀಳುತ್ತದೆ, ಕೈ ಜಾರಿದರೆ ವಾರ್ನಿಷ್‌ಗೆ ತಗಲುತ್ತದೆ. 100ರಲ್ಲಿ ಒಂದು ಚೋಟಷ್ಟು ಜಾಗ ಇರುತ್ತದೆ. ಕೋಣೆ ದೊಡ್ಡದಿದ್ದರೆ ನಾನು 100ನ್ನೇ ಆರಿಸುತ್ತೇನೆ.

ದೂರದ ಮಾತು ಬಂತಲ್ಲ, ಫೋನ್ ಫೋಟೊಗಳಲ್ಲಿ ವಾದ್ಯ ವಿಕಾರವಾಗಿ ಕಾಣುವುದೂ ಇದೇ ಕಾರಣಕ್ಕೆ. ಫೋನಿನ ಮುಖ್ಯ ಕ್ಯಾಮೆರಾ ತುಂಬಾ ಅಗಲವಾಗಿ ನೋಡುತ್ತದೆ. ಪಿಟೀಲು ಫ್ರೇಮ್ ತುಂಬಬೇಕಾದರೆ ಅರ್ಧ ಮೀಟರ್ ಹತ್ತಿರ ಹೋಗಬೇಕು. ಅಷ್ಟು ಹತ್ತಿರದಲ್ಲಿ, 5 ಸೆಂಟಿಮೀಟರ್ ಮುಂದಿರುವ ಭಾಗ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಶೇಕಡಾ 10ರಷ್ಟು ದೊಡ್ಡದಾಗಿ ಬೀಳುತ್ತದೆ. 2 ಮೀಟರ್ ದೂರದಿಂದಾದರೆ ಅದು ಎರಡೂವರೆ ಮಾತ್ರ. ಓರೆಯಿಂದ ತೆಗೆದರಂತೂ ಇನ್ನೂ ಕೆಟ್ಟದು. ವೀಣೆಯ ಕೊಡ ಕುಂಬಳಕಾಯಿಯಂತೆ ಊದಿಕೊಂಡು, ಆ ಕಡೆ ತುದಿಯ ಯಾಳಿ ಮುಖ ಕಡಲೆಕಾಯಿಯಷ್ಟಾಗಿ ಕಾಣುತ್ತದೆ. ಮಾಡಿದವನು ಆ ಅಳತೆಗಳನ್ನು ಕೂದಲೆಳೆ ಲೆಕ್ಕದಲ್ಲಿ ಕೂಡಿಸಿರುತ್ತಾನೆ. ಅದನ್ನು ಹಾಗೇ ತೋರಿಸುವುದು ಫೋಟೊ ತೆಗೆಯುವವರ ಜವಾಬ್ದಾರಿ ಅಲ್ವಾ? ಫೋನೇ ಗತಿ ಅನ್ನುವ ಹೊತ್ತಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಕ್ಯಾಮೆರಾ ಇದ್ದರೆ ಅದನ್ನು ಹಾಕಿ, ಹಿಂದೆ ಸರಿದು ತೆಗೆಯಿರಿ.

ಈಗ ಕ್ಯಾಮೆರಾ ಬಾಡಿಯ ವಿಷಯಕ್ಕೆ ಬರೋಣ. ವಾದ್ಯ ಓಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಹಾಗಾಗಿ ಹೊಸ ಕ್ಯಾಮೆರಾಗಳ ಜಾಹೀರಾತಿನಲ್ಲಿ ಬರುವ ಅರ್ಧ ಗುಣಗಳು, ಅಂದರೆ ಸೆಕೆಂಡಿಗೆ ಇಪ್ಪತ್ತು ಫೋಟೊ, ಹಕ್ಕಿಯ ಕಣ್ಣು ಹಿಡಿಯುವ ಫೋಕಸ್, ಕತ್ತಲಲ್ಲೂ ತೆಗೆಯುವಷ್ಟು ಹೆಚ್ಚಿನ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ), ಇವೆಲ್ಲಕ್ಕೆ ಕೊಟ್ಟ ದುಡ್ಡು ನಿಮ್ಮ ಕೆಲಸಕ್ಕೆ ಬರುವುದಿಲ್ಲ. 2014ರಲ್ಲಿ ಬಂದ ನಿಕಾನ್ ಡಿ750ರಂಥ ಬಾಡಿ ಇವತ್ತಿಗೂ ಇದಕ್ಕೆ ಧಾರಾಳವಾಗಿ ಸಾಕು. ಬೇಕಾಗಿರುವುದು ಬೇರೆ. ಎಲ್ಲವನ್ನೂ ಕೈಯಿಂದಲೇ ಹೊಂದಿಸಲು ಬರಬೇಕು. ರಾ ಫೈಲ್, ಅಂದರೆ ಸೆನ್ಸಾರ್ ಹಿಡಿದದ್ದನ್ನು ಹೆಚ್ಚು ತಿದ್ದದೆ ಹಾಗೇ ಉಳಿಸಿದ ಫೈಲ್, ಕೊಡಬೇಕು. ಪರದೆ ಓರೆ ಮಾಡಲು ಬರಬೇಕು, ಯಾಕೆಂದರೆ ಕ್ಯಾಮೆರಾವನ್ನು ಕೆಳಮುಖವಾಗಿ ನಿಲ್ಲಿಸಿದಾಗ ವಾದ್ಯದ ಮೇಲೆ ಬಗ್ಗಿ ನೋಡುವುದು ಅಪಾಯ. ಪರದೆಯಲ್ಲಿ ಒಂದು ಚೂರು ಜಾಗವನ್ನು ಹತ್ತು ಪಟ್ಟು ದೊಡ್ಡದು ಮಾಡಿ ಫೋಕಸ್ ಮಾಡುವ ಸೌಲಭ್ಯ ಇರಬೇಕು. ಮುಟ್ಟದೆ ಕ್ಲಿಕ್ ಮಾಡಲು ರಿಮೋಟ್ ಅಥವಾ ಎರಡು ಸೆಕೆಂಡಿನ ಟೈಮರ್ ಬೇಕು.

ರಾ ಫೈಲ್ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಟೀಲಿನ ಬೆರಳು ಹಲಗೆ ಎಬೊನಿ ಮರದ್ದು, ಕಡುಕಪ್ಪು. ಅದರ ಪಕ್ಕದಲ್ಲೇ ಕಿತ್ತಳೆ ಬಣ್ಣದ ವಾರ್ನಿಷ್ ದೀಪಕ್ಕೆ ಹೊಳೆಯುತ್ತಿರುತ್ತದೆ. ಮಾಮೂಲಿ ಜೆಪಿಇಜಿ ಫೋಟೊದಲ್ಲಿ ಒಂದೊಂದು ಬಣ್ಣಕ್ಕೆ ಕತ್ತಲಿನಿಂದ ಬೆಳಕಿನವರೆಗೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಕಪ್ಪಿನೊಳಗೆ ಬೆರಳು ಸವೆಸಿದ ಗುಳಿಗಳನ್ನು ಆಮೇಲೆ ಹೊರಗೆ ತೆಗೆಯಬೇಕಾದರೆ ಈ ಮೆಟ್ಟಿಲುಗಳೇ ದಾರಿ. ಬಣ್ಣ ತಿದ್ದುವುದಕ್ಕೂ ರಾ ಫೈಲೇ ಒಳ್ಳೆಯದು. ಮೊದಲ ಫೋಟೊದಲ್ಲಿ ವಾದ್ಯದ ಪಕ್ಕ ಒಂದು ಬೂದು ಕಾರ್ಡ್ ಇಟ್ಟು ತೆಗೆಯಿರಿ, ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವಾಗ ಆ ಕಾರ್ಡಿನ ಮೇಲೆ ಕ್ಲಿಕ್ ಮಾಡಿ, ಅದೇ ತಿದ್ದುಪಡಿಯನ್ನು ಉಳಿದೆಲ್ಲ ಫೋಟೊಗಳಿಗೂ ಹಾಕಿದರೆ ಬಣ್ಣ ಸರಿಹೋಗುತ್ತದೆ. ಆದರೆ ಕೋಣೆಯಲ್ಲಿ ಒಂದೇ ಬಗೆಯ ಬೆಳಕಿರಬೇಕು. ಕಿಟಕಿಯ ಬಿಸಿಲು ಒಂದು ಕಡೆ, ಬಲ್ಬು ಇನ್ನೊಂದು ಕಡೆ ಇದ್ದರೆ ಯಾವ ಕಾರ್ಡೂ ಕಾಪಾಡುವುದಿಲ್ಲ.

ಐಎಸ್‌ಒ 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರ) ಎಫ್ 8, ಶಟರ್ ಅರ್ಧ ಸೆಕೆಂಡ್ ಆದರೂ ಪರವಾಗಿಲ್ಲ. ಟ್ರೈಪಾಡ್ ಇದ್ದೇ ಇರುತ್ತದಲ್ಲ. ಎಲ್ಲ ಸ್ಪಷ್ಟವಾಗಿ ಬರಲಿ ಅಂತ ಅಪರ್ಚರನ್ನು ಎಫ್ 22ರಷ್ಟು ಕಿರಿದು ಮಾಡಬೇಡಿ, ರಂಧ್ರ ತೀರಾ ಸಣ್ಣದಾದರೆ ಬೆಳಕು ಚದುರಿ ಇಡೀ ಚಿತ್ರ ಮಂದವಾಗುತ್ತದೆ. 1:1ರಲ್ಲಿ ಎಫ್ 8ಕ್ಕೆ ಫೋಕಸ್ ಸಿಗುವ ಆಳ ಸುಮಾರು ಒಂದು ಮಿಲಿಮೀಟರ್. ಪಿಟೀಲಿನ ಉಬ್ಬು ಹಲಗೆಗೆ ಅದು ಎಲ್ಲಿ ಸಾಕು? ಇದಕ್ಕೆ ಫೋಕಸ್ ಬ್ರಾಕೆಟಿಂಗ್ ಅಂತ ಒಂದು ಸೌಲಭ್ಯ ಬರುತ್ತದೆ. ಕ್ಯಾಮೆರಾ ತಾನೇ ಫೋಕಸನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಇಪ್ಪತ್ತು ಮೂವತ್ತು ಫೋಟೊ ತೆಗೆಯುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದರೆ ಬಿರಡೆಯ ತುದಿಯಿಂದ ಬುಡದವರೆಗೂ ಒಂದೇ ಚಿತ್ರದಲ್ಲಿ ಸ್ಪಷ್ಟ. ಎರಡು ಕ್ಯಾಮೆರಾಗಳ ನಡುವೆ ತೂಗಾಡುತ್ತಿದ್ದರೆ ಇದು ಇರುವುದನ್ನು ಆರಿಸಿ. ಇಲ್ಲದಿದ್ದರೂ ಕೈಯಲ್ಲೇ ರಿಂಗ್ ತಿರುಗಿಸಿ ಮಾಡಬಹುದು, ತಾಳ್ಮೆ ಬೇಕು ಅಷ್ಟೇ.

ಹೊಳಪಿನ ವಿಷಯಕ್ಕೆ ಒಂದು ಫಿಲ್ಟರ್ ಮಾತ್ರ ಕೊಳ್ಳಿ: ಸರ್ಕ್ಯುಲರ್ ಪೋಲರೈಸರ್. ಓರೆಯಾಗಿ ನಿಂತು ಅದನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ, ವಾರ್ನಿಷ್ ಮೇಲಿನ ಬಿಳಿ ಪೊರೆ ಸರಿದು ಒಳಗಿನ ಮರ ಎದ್ದು ಬರುತ್ತದೆ. ನನಗೆ ಈಗಲೂ ಅದನ್ನು ನೋಡಿದಾಗ ಖುಷಿಯಾಗುತ್ತದೆ. ಪೂರ್ತಿ ಹೊಳಪು ತೆಗೆಯಬೇಡಿ, ವಾದ್ಯ ಜೀವ ಕಳೆದುಕೊಂಡಂತೆ ಕಾಣುತ್ತದೆ. ನೇರ ಎದುರಿನಿಂದ ನೋಡುವಾಗ ಈ ಫಿಲ್ಟರ್ ಹೆಚ್ಚು ಕೆಲಸ ಮಾಡುವುದಿಲ್ಲ. ಸ್ಯಾಕ್ಸೊಫೋನ್, ಟ್ರಂಪೆಟ್‌ನಂಥ ಲೋಹದ ವಾದ್ಯಕ್ಕಂತೂ ಅದರಿಂದ ಉಪಯೋಗವಿಲ್ಲ, ಏಕೆಂದರೆ ಲೋಹದ ಪ್ರತಿಬಿಂಬ ಬೇರೆ ರೀತಿಯದು. ಲೋಹ ಇಡೀ ಕೋಣೆಯನ್ನೇ ತೋರಿಸುತ್ತದೆ, ನಿಮ್ಮನ್ನೂ ಸೇರಿಸಿ. ಅಲ್ಲಿ ಉದ್ದ ಲೆನ್ಸ್ ಹಾಕಿ ದೂರ ನಿಂತು, ಸುತ್ತ ಬಿಳಿ ಬಟ್ಟೆ ಇಳಿಬಿಟ್ಟು, ಲೆನ್ಸ್ ಮಾತ್ರ ಇಣುಕುವಷ್ಟು ಜಾಗ ಬಿಡಿ.

ಪಿಟೀಲಿನ ಹಿಂಬದಿಯ ಮೇಪಲ್ ಮರದಲ್ಲಿ ಹುಲಿಪಟ್ಟೆಯಂಥ ಗೆರೆಗಳಿರುತ್ತವೆ. ದೀಪ ಎಡಕ್ಕಿದ್ದಾಗ ಕಪ್ಪಗೆ ಕಂಡ ಪಟ್ಟೆ, ಬಲಕ್ಕೆ ಸರಿಸಿದಾಗ ಬೆಳ್ಳಗಾಗುತ್ತದೆ. ಎರಡೂ ನಿಜವೇ. ಕ್ಯಾಮೆರಾ ಅಲ್ಲಾಡಿಸದೆ ಎರಡೂ ಕಡೆಯಿಂದ ಬೆಳಕು ಹಾಕಿ ಎರಡು ಫೋಟೊ ತೆಗೆದಿಡಿ. ಈ ಪಟ್ಟೆಗಳು ಬೆರಳಚ್ಚಿನ ಹಾಗೆ, ಇನ್ನೊಂದು ವಾದ್ಯದಲ್ಲಿ ಇದೇ ತರಹ ಇರುವುದಿಲ್ಲ. ಕಳ್ಳತನವಾದರೆ ಗುರುತು ಹಿಡಿಯಲು ಈ ಫೋಟೊ ಕೆಲಸಕ್ಕೆ ಬರುತ್ತದೆ.

ದೀಪಗಳಿಗೆ ಎಲ್‌ಇಡಿ ಸಾಕು, ಬಣ್ಣದ ಗುಣಮಟ್ಟ ಹೇಳುವ ಸಿಆರ್‌ಐ 95ಕ್ಕಿಂತ ಮೇಲಿರಲಿ. ಹ್ಯಾಲೊಜನ್ ಬಲ್ಬು ಖಂಡಿತ ಬೇಡ. ಪಿಟೀಲಿನ ಅಂಟು ಬಿಸಿಗೆ ಸಡಿಲವಾಗುತ್ತದೆ. ವೀಣೆಯ 24 ಹಿತ್ತಾಳೆ ಮೆಟ್ಟಿಲುಗಳು ಕೂತಿರುವುದೇ ಮೇಣದ ಮೇಲೆ. ಆ ಮೇಣ ಮೆತ್ತಗಾಗಿ ಒಂದು ಮೆಟ್ಟಿಲು ಸರಿದರೂ ಸ್ವರ ಕೆಡುತ್ತದೆ, ಮತ್ತೆ ಮೇಳ ಕಟ್ಟಿಸಲು ಕುಶಲಕರ್ಮಿಯನ್ನು ಹುಡುಕಿಕೊಂಡು ಹೋಗಬೇಕು.

ಟ್ರೈಪಾಡ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್ ಸೇರಿ ಒಂದೂವರೆ ಕಿಲೋ ಆಗಬಹುದು, ಅದು ಮುಗ್ಗರಿಸಿದರೆ ಬೀಳುವುದು ವಾದ್ಯದ ಮೇಲೆ. ಕುತ್ತಿಗೆಗೆ ಹಾಕುವ ಬೆಲ್ಟನ್ನು ಕ್ಯಾಮೆರಾದಿಂದ ಬಿಚ್ಚಿಡಿ, ಅದರ ಕೊಂಡಿ ವಾರ್ನಿಷ್ ಗೀರುತ್ತದೆ. ವಾಚು, ಉಂಗುರ ಕೂಡ ತೆಗೆದಿಡಿ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಷನ್ ಆಫ್ ಮಾಡಿ. ಕೆಲವು ಕ್ಯಾಮೆರಾಗಳಲ್ಲಿ ಇಲ್ಲದ ಅಲುಗಾಟವನ್ನು ಸರಿಮಾಡಲು ಹೋಗಿ ಅದೇ ಚಿತ್ರ ಮಸುಕು ಮಾಡುತ್ತದೆ.

ಸೆಕೆಂಡ್ ಹ್ಯಾಂಡ್ ತರುವಾಗ ಎರಡು ಪರೀಕ್ಷೆ ಮಾಡಿ. ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಜೇಡರ ಬಲೆಯಂತೆ ಎಳೆಗಳು ಕಂಡರೆ ಒಳಗೆ ಫಂಗಸ್ ಹಿಡಿದಿದೆ, ಬಿಟ್ಟುಬಿಡಿ. ಎಫ್ 16ರಲ್ಲಿ ಬಿಳಿ ಗೋಡೆಯ ಫೋಟೊ ತೆಗೆದು ನೋಡಿ, ಕಪ್ಪು ಚುಕ್ಕೆಗಳಿದ್ದರೆ ಸೆನ್ಸಾರ್ ಮೇಲೆ ಧೂಳಿದೆ. ಧೂಳಾದರೆ ಕ್ಲೀನ್ ಮಾಡಿಸಬಹುದು, ಗೀರಾದರೆ ಆಗುವುದಿಲ್ಲ. ಹೊಸದಾಗಲಿ ಹಳೆಯದಾಗಲಿ, ತಗೊಳ್ಳುವ ಮುಂಚೆ ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ ಹಳೆಯ ಮರದ ಪೆಟ್ಟಿಗೆಯನ್ನೋ ಮೇಜಿನ ಅಂಚನ್ನೋ ಹತ್ತಿರದಿಂದ ತೆಗೆದು ಮನೆಗೆ ತನ್ನಿ. ದೊಡ್ಡ ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ಮರದ ರಂಧ್ರಗಳು ಕಾಣುತ್ತವೆಯೇ ನೋಡಿ. ಅಂಗಡಿಯ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ವಾದ್ಯದ ಫೋಟೊವನ್ನು ಎಲ್ಲಾದರೂ ಹಂಚುವ ಮುಂಚೆ ಅದರೊಳಗೆ ಜಾಗದ ಮಾಹಿತಿ ಸೇರಿದ್ದರೆ ತೆಗೆದುಹಾಕಿ. ಬೆಲೆಬಾಳುವ ವಸ್ತು ಯಾವ ಮನೆಯಲ್ಲಿದೆ ಅಂತ ಊರಿಗೆಲ್ಲ ತಿಳಿಯುವುದು ಬೇಡ.

ನನ್ನ ಪಿಟೀಲಿನ ಬಿರುಕನ್ನು ಅಂಟಿಸಿಯಾಗಿದೆ. ಆರು ತಿಂಗಳಿಗೊಮ್ಮೆ ಅದೇ ಜಾಗವನ್ನು ಅದೇ ಲೆನ್ಸಿನಲ್ಲಿ, ಬೆಳಕನ್ನು ಅದೇ ಕಡೆಯಿಂದ ತೀರಾ ಓರೆಯಾಗಿ ಬಿಟ್ಟು ತೆಗೆಯುತ್ತೇನೆ. ಪಕ್ಕದಲ್ಲಿ ಮಿಲಿಮೀಟರ್ ಗುರುತಿರುವ ಒಂದು ಕಾಗದದ ಪಟ್ಟಿ ಇರುತ್ತದೆ. ಹಳೆಯ ಫೋಟೊ ಪಕ್ಕ ಹೊಸದನ್ನಿಟ್ಟು, ಬಿರುಕಿನ ತುದಿ ಮರದ ಎಷ್ಟನೇ ಗೆರೆಯ ಹತ್ತಿರ ಎಲ್ಲಿ ನಿಂತಿದೆ ಅಂತ ಹೋಲಿಸುತ್ತೇನೆ. ಮೂರು ಸಲ ನೋಡಿದ್ದೇನೆ, ಇನ್ನೂ ಅಲ್ಲೇ ಇದೆ.