ಎಬಿಎಸ್ ದೀಪ ಕೊನೆಗೂ ಆರಿತು

ನನ್ನ ಹಳೇ ಎಸ್‌ಯುವಿಯಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆ ದೀಪ ಮೂರು ವಾರ ಬಂದು ಹೋಗಿ ಆಟ ಆಡಿಸಿತು. ಬ್ರೇಕ್ ಮಾಮೂಲಿಯಾಗೇ ಹಿಡಿಯುತ್ತಿತ್ತು, ಆದರೆ ದೀಪ ಉರಿಯುವಾಗ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರಬಹುದು, ಹಾಗಾಗಿ ಸುಮ್ನೆ ಬಿಡುವಂತಿರಲಿಲ್ಲ.

ಬ್ರೇಕ್ ಆಯಿಲ್ ಸರಿಯಿತ್ತು, ಫ್ಯೂಸೂ ಸರಿ. ನನ್ನ ಬಳಿಯಿದ್ದ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ) ಎಂಜಿನ್ ಕೋಡ್ ಮಾತ್ರ ಓದುವಂಥದ್ದು, ಏನೂ ತೋರಿಸಲಿಲ್ಲ. ಎಬಿಎಸ್ ಓದುವ ಸ್ಕ್ಯಾನರ್ ಎರವಲು ತಂದು ಹಾಕಿದಾಗ ಸಿ0035 ಬಂತು, ಅಂದರೆ ಮುಂದಿನ ಎಡ ಚಕ್ರದ ವೇಗದ ಸೆನ್ಸರ್. ಕೋಡ್ ಬಂತೆಂದು ತಕ್ಷಣ ಸೆನ್ಸರ್ ಕೊಳ್ಳಬೇಡಿ. ಅದು ಇಡೀ ಸರ್ಕ್ಯೂಟಿನ ದೂರು. ತಂತಿ, ಕನೆಕ್ಟರ್, ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ರಿಂಗ್ ಯಾವುದೂ ಆಗಿರಬಹುದು ಅಲ್ವಾ?

ಜ್ಯಾಕ್ ಹಾಕಿ, ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿದೆ. ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಅಂಟಿತ್ತು, ಒರೆಸಿದೆ. ದೀಪ ಹೋಗಲಿಲ್ಲ. ಮಲ್ಟಿಮೀಟರ್ ಹಚ್ಚಿ ಸೆನ್ಸರಿನ ವಿದ್ಯುತ್ ಪ್ರತಿರೋಧ ಅಳೆದರೆ ಸುಮಾರು 1,100 ಓಮ್, ಎಲ್ಲ ಚೆನ್ನಾಗಿದೆ ಅಂದುಕೊಂಡು ತಂತಿಯನ್ನು ಸ್ಟ್ರಟ್ (ಚಕ್ರದ ಸಸ್ಪೆನ್ಷನ್ ಕಂಬ) ಹತ್ತಿರ ಸ್ವಲ್ಪ ಬಗ್ಗಿಸಿದೆ ನೋಡಿ, ಸಂಪರ್ಕವೇ ಕಟ್! ಹೊರಗಿನ ರಬ್ಬರ್ ಹೊಸದರಂತಿತ್ತು, ಒಳಗೆ ತಾಮ್ರ ತುಂಡಾಗಿತ್ತು. ಸ್ಟೇರಿಂಗ್ ತಿರುಗಿಸಿದಾಗಲೇ ದೀಪ ಜಾಸ್ತಿ ಬರುತ್ತಿದ್ದುದು ಅದಕ್ಕೇ. ನನಗೆ ಆಗ ಹೊಳೆಯಲೇ ಇಲ್ಲ. (ಈ ಓಮ್ ಪರೀಕ್ಷೆ ಹಳೇ ಕಾಯಿಲ್ ಸೆನ್ಸರಿಗೆ ಮಾತ್ರ, ಹೊಸ ಗಾಡಿಗಳ ಹಾಲ್ (Hall, ಒಳಗೆ ಎಲೆಕ್ಟ್ರಾನಿಕ್ಸ್ ಇರುವ) ಮಾದರಿಗೆ ಬೇಡ.)

ಬೆಸುಗೆ ಹಾಕೋಣ ಅನ್ನಿಸಿತು. ಆದರೆ ಅಲ್ಲಿ ತಂತಿ ದಿನಾ ಬಾಗುತ್ತದೆ, ಮತ್ತೆ ತುಂಡಾಗುತ್ತದೆ. ತಂತಿ ಸಮೇತ ಹೊಸ ಸೆನ್ಸರ್ ಹಾಕಿ, ಹಳೇ ಕ್ಲಿಪ್‌ಗಳಲ್ಲೇ ಕೂರಿಸಿ, ಕೋಡ್ ಅಳಿಸಿದೆ. ಸ್ಕ್ಯಾನರಿನಲ್ಲಿ ಈಗ ನಾಲ್ಕೂ ಚಕ್ರದ ವೇಗ ಒಂದೇ ಸಮ ಬರುತ್ತಿದೆ.